ಹೆಡ್ಜ್‌ಹಾಗ್ ಸಾಕುವ ಮುನ್ನ ಖರ್ಚಿನ ಲೆಕ್ಕ ಹಾಕುವುದು ಹೇಗೆ?

ಅಂಗೈ ತುಂಬುವಷ್ಟು ಮೈ, ಚೂಪು ಮೂತಿ, ಬೆನ್ನ ತುಂಬ ಮುಳ್ಳು. ಹೆಡ್ಜ್‌ಹಾಗ್ ಮರಿಯನ್ನು ನೋಡಿದ ಕೂಡಲೇ ‘ಇದಕ್ಕೆಷ್ಟು?’ ಎಂದು ಕೇಳುವವರೇ ಜಾಸ್ತಿ. ಮರಿಯ ಬೆಲೆ ಒಂದು ಸಲ ಕೊಟ್ಟರೆ ಮುಗಿಯಿತು. ಅದರ ಗೂಡನ್ನು ಹಗಲೂ ರಾತ್ರಿ ಬೆಚ್ಚಗಿಡುವುದಕ್ಕೆ ಎಷ್ಟಾಗುತ್ತದೆ, ಕಾಯಿಲೆ ಬಿದ್ದರೆ ಡಾಕ್ಟರಿಗೆ ಎಷ್ಟಾಗುತ್ತದೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ದೊಡ್ಡ ಖರ್ಚು ಇರುವುದು ಅಲ್ಲೇ. ಹಾಗಾಗಿ ಮರಿ ಕೊಳ್ಳುವುದನ್ನು ಪಟ್ಟಿಯ ಕೊನೆಗೆ ಹಾಕಿ, ಉಳಿದ ಲೆಕ್ಕ ಮೊದಲು ಮಾಡೋಣ.

ಸಾಕಲು ಸಿಗುವುದು ಹೆಚ್ಚಾಗಿ ಆಫ್ರಿಕಾ ಮೂಲದ, ಹಿಂಗಾಲಿಗೆ ನಾಲ್ಕೇ ಬೆರಳಿರುವ ಜಾತಿ. ‘ಆಫ್ರಿಕನ್ ಪಿಗ್ಮಿ’ ಅಂತಲೂ ಕರೆಯುತ್ತಾರೆ. ಬೆಳೆದ ಮೇಲೆ ಸಾಮಾನ್ಯವಾಗಿ 300ರಿಂದ 600 ಗ್ರಾಂ ತೂಗುತ್ತದೆ. ಚೆನ್ನಾಗಿ ನೋಡಿಕೊಂಡರೆ 3ರಿಂದ 6 ವರ್ಷ ಬದುಕುತ್ತದೆ, ಕೆಲವು ಇನ್ನೂ ಜಾಸ್ತಿ. ಅಷ್ಟು ವರ್ಷಗಳ ಖರ್ಚನ್ನು ಈಗಲೇ ಕೂಡಿಸಿ ನೋಡಬೇಕು.

ಹಂತ 1: ಕಾನೂನು ಕೇಳಿಕೊಳ್ಳಿ

ಅಮೆರಿಕದ ಕ್ಯಾಲಿಫೋರ್ನಿಯಾ, ಹವಾಯಿ, ಜಾರ್ಜಿಯಾ ರಾಜ್ಯಗಳಲ್ಲಿ ಹೆಡ್ಜ್‌ಹಾಗ್ ಸಾಕುವಂತಿಲ್ಲ. ನ್ಯೂಯಾರ್ಕ್ ನಗರದಲ್ಲೂ ಅಷ್ಟೇ. ಕೆಲವು ಕಡೆ ಪರವಾನಗಿ ಇದ್ದರೆ ಮಾತ್ರ ಸಾಕಬಹುದು. ನೀವಿರುವ ಕಡೆಯ ನಿಯಮವನ್ನು ಅಧಿಕಾರಿಗಳ ಹತ್ತಿರವೇ ಕೇಳಿ, ಮಾರುವವರ ಬಾಯಿಮಾತು ಸಾಲದು. ಶುಲ್ಕವಿದ್ದರೆ ಬರೆದುಕೊಳ್ಳಿ. ಕಾಡಿನಲ್ಲೋ ತೋಟದಲ್ಲೋ ಸಿಕ್ಕ ಹೆಡ್ಜ್‌ಹಾಗನ್ನು ಖರ್ಚಿಲ್ಲದೆ ಸಿಕ್ಕಿತು ಎಂದು ಮನೆಗೆ ತರಬೇಡಿ. ಅದು ಕಾಡುಪ್ರಾಣಿ, ಅದರ ಜಾಗ ಹೊರಗೆ.

ಹಂತ 2: ಮೊದಲು ಡಾಕ್ಟರನ್ನು ಹುಡುಕಿ

ನಾಯಿ, ಬೆಕ್ಕು ನೋಡುವ ಎಲ್ಲ ಡಾಕ್ಟರೂ ಹೆಡ್ಜ್‌ಹಾಗ್ ನೋಡುವುದಿಲ್ಲ. ಇದಕ್ಕೆ ವಿದೇಶಿ ಸಾಕುಪ್ರಾಣಿಗಳ ಚಿಕಿತ್ಸೆ ಗೊತ್ತಿರುವವರೇ ಬೇಕು. ಅಂಥವರು ಕಡಿಮೆ, ಅವರ ಫೀಸೂ ಸಾಮಾನ್ಯವಾಗಿ ಜಾಸ್ತಿ. ದೂರದ ಊರಿಗೆ ಹೋಗಬೇಕಾದರೆ ಓಡಾಟದ ಖರ್ಚನ್ನೂ ಸೇರಿಸಿ.

ಫೋನ್ ಮಾಡಿ ನಾಲ್ಕು ದರ ಕೇಳಿ: ಸಾಮಾನ್ಯ ತಪಾಸಣೆ, ಅರಿವಳಿಕೆ ಕೊಟ್ಟು ಮಾಡುವ ತಪಾಸಣೆ, ಎಕ್ಸ್‌ರೇ, ರಾತ್ರಿ ಹೊತ್ತಿನ ತುರ್ತು ಚಿಕಿತ್ಸೆ. ಅರಿವಳಿಕೆ ಯಾಕೆ ಅಂತೀರಾ? ಹೊಸಬರ ಕೈ ತಾಗಿದ ಕೂಡಲೇ ಹೆಡ್ಜ್‌ಹಾಗ್ ಮುಖ, ಹೊಟ್ಟೆ, ಕಾಲು ಎಲ್ಲ ಒಳಗೆಳೆದುಕೊಂಡು ಉಂಡೆಯಾಗುತ್ತದೆ. ಬೆನ್ನಿನ ಸುತ್ತ ಇರುವ ಬಲವಾದ ಸ್ನಾಯು ಚೀಲದ ಬಾಯಿ ಕಟ್ಟಿದ ದಾರದ ಹಾಗೆ ಬಿಗಿದುಕೊಳ್ಳುತ್ತದೆ. ಎಳೆದು ಬಿಡಿಸಲು ಆಗುವುದಿಲ್ಲ, ಬಿಡಿಸಲೂಬಾರದು. ಹಲ್ಲು ನೋಡಬೇಕೆಂದರೂ ಎಷ್ಟೋ ಸಲ ಮಾಸ್ಕ್‌ನಲ್ಲಿ ಅರಿವಳಿಕೆ ಗ್ಯಾಸ್ ಕೊಟ್ಟು ಮಲಗಿಸಬೇಕಾಗುತ್ತದೆ. ಬೇರೆ ಪ್ರಾಣಿಗೆ ಐದು ನಿಮಿಷದಲ್ಲಿ ಮುಗಿಯುವ ತಪಾಸಣೆ ಇದಕ್ಕೆ ದುಬಾರಿಯಾಗುವುದು ಹೀಗೆ.

ಸಮಾಧಾನದ ಸಂಗತಿಯೂ ಒಂದಿದೆ. ನಾಯಿ, ಬೆಕ್ಕಿಗೆ ಹಾಕಿಸುವ ಹಾಗೆ ಇದಕ್ಕೆ ವಾಡಿಕೆಯ ಲಸಿಕೆಗಳಿಲ್ಲ. ಆ ಖರ್ಚು ಉಳಿಯಿತು. ವರ್ಷಕ್ಕೆ ಒಂದು ತಪಾಸಣೆ, ಮೂರು ವರ್ಷ ದಾಟಿದ ಮೇಲೆ ಎರಡು ಎಂದು ಲೆಕ್ಕ ಇಟ್ಟುಕೊಳ್ಳಿ.

ಹತ್ತಿರದಲ್ಲಿ ಎಲ್ಲೂ ಇಂಥ ಡಾಕ್ಟರು ಇಲ್ಲ ಅಂತಾದರೆ ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಕಾಯಿಲೆ ಬಿದ್ದ ಪ್ರಾಣಿಯನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು ಎಂದು ಅವತ್ತು ಹುಡುಕುವುದು ಅದಕ್ಕೂ ಕಷ್ಟ, ನಿಮಗೂ ಕಷ್ಟ.

ಹಂತ 3: ಬಿಸಿಯ ಲೆಕ್ಕ

ಹೆಡ್ಜ್‌ಹಾಗ್‌ಗೆ ಸುಮಾರು 24ರಿಂದ 29 ಡಿಗ್ರಿ ಸೆಲ್ಸಿಯಸ್ ಬೇಕು. ಚಳಿ ಹೆಚ್ಚಾದರೆ ಇದು ಶೀತನಿದ್ದೆಗೆ ಜಾರಲು ನೋಡುತ್ತದೆ. ಹೊಟ್ಟೆ ಮುಟ್ಟಿದರೆ ತಣ್ಣಗಿರುತ್ತದೆ, ನಡೆದರೆ ತೂರಾಡುತ್ತದೆ, ಊಟ ಬಿಡುತ್ತದೆ. ಯುರೋಪಿನ ಕಾಡು ಹೆಡ್ಜ್‌ಹಾಗ್ ಚಳಿಗಾಲವಿಡೀ ಹೀಗೆ ಮಲಗಿ ಎದ್ದು ಬರುತ್ತದೆ. ಸಾಕಿದ ಆಫ್ರಿಕನ್ ಜಾತಿಯ ಮೈ ಅದಕ್ಕೆ ತಯಾರಾಗಿರುವುದಿಲ್ಲ, ಪ್ರಾಣವೇ ಹೋಗಬಹುದು. ಹೀಗಾದರೆ ಎದೆಗೆ ಅವಚಿಕೊಂಡು, ಬಟ್ಟೆ ಹೊದಿಸಿ, ನಿಧಾನವಾಗಿ ಬೆಚ್ಚಗೆ ಮಾಡುತ್ತಾ ಡಾಕ್ಟರಿಗೆ ಫೋನ್ ಮಾಡಿ. ಬಿಸಿನೀರಿಗೆ ಹಾಕಬೇಡಿ.

ಕೊಳ್ಳಬೇಕಾದ್ದು ಮೂರು: ಬೆಳಕಿಲ್ಲದೆ ಬಿಸಿ ಕೊಡುವ ಸೆರಾಮಿಕ್ ಹೀಟರ್, ಅದನ್ನು ತಾನಾಗಿಯೇ ಆನ್–ಆಫ್ ಮಾಡುವ ಥರ್ಮೋಸ್ಟಾಟ್, ಗೂಡಿನೊಳಗೆ ಇಡುವ ಥರ್ಮಾಮೀಟರ್. ಮಾಮೂಲಿ ಬಲ್ಬ್ ಬೇಡ. ಇದು ರಾತ್ರಿ ಓಡಾಡುವ ಪ್ರಾಣಿ, ಬೆಳಕಿದ್ದರೆ ಹೊರಗೇ ಬರುವುದಿಲ್ಲ. ದುಡ್ಡು ಉಳಿಸಲು ಥರ್ಮೋಸ್ಟಾಟ್ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಅದಿಲ್ಲದೆ ಗೂಡು ಒಂದೋ ಸುಡುತ್ತದೆ, ಇಲ್ಲವೋ ತಣ್ಣಗಾಗುತ್ತದೆ. ಕರೆಂಟೂ ಸುಮ್ನೆ ಹೋಗುತ್ತದೆ.

ಈಗ ಬಿಲ್ಲಿನ ಲೆಕ್ಕ. ಹೀಟರಿನ ವ್ಯಾಟ್ ಅನ್ನು ದಿನಕ್ಕೆ ಅದು ಉರಿಯುವ ಗಂಟೆಗಳಿಂದ ಗುಣಿಸಿ, 1000ದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. 100 ವ್ಯಾಟಿನ ಹೀಟರ್ ದಿನಕ್ಕೆ ಒಟ್ಟು 12 ಗಂಟೆ ಉರಿದರೆ 1.2 ಯೂನಿಟ್. ತಿಂಗಳಿಗೆ 36. ಅದನ್ನು ನಿಮ್ಮ ಬಿಲ್ಲಿನ ಯೂನಿಟ್ ದರದಿಂದ ಗುಣಿಸಿ. ಚಳಿಗಾಲಕ್ಕೆ ಬೇರೆ, ಉಳಿದ ತಿಂಗಳಿಗೆ ಬೇರೆ ಲೆಕ್ಕ ಮಾಡಿದರೆ ಇನ್ನೂ ಸರಿಯಾಗಿ ಬರುತ್ತದೆ. ಸೆಕೆಯ ಜಾಗವಾದರೆ ಲೆಕ್ಕ ತಿರುಗುತ್ತದೆ. ಬಿಸಿಲು ಜಾಸ್ತಿಯಾದಾಗ ಇದು ಕೈಕಾಲು ಚಾಚಿ ನೆಲಕ್ಕೆ ಅಂಟಿ ಮಲಗುತ್ತದೆ, ಏದುಸಿರು ಬಿಡುತ್ತದೆ. ಆಗ ಕೋಣೆಯನ್ನು ತಂಪಾಗಿಡುವ ಖರ್ಚು ಬರುತ್ತದೆ.

ಹಂತ 4: ಗೂಡು ಮತ್ತು ಚಕ್ರ

ಕಡಿಮೆ ಎಂದರೂ ನಾಲ್ಕು ಚದರ ಅಡಿ ನೆಲ ಬೇಕು, ಜಾಸ್ತಿ ಇದ್ದಷ್ಟೂ ಒಳ್ಳೆಯದು. ತಳ ಗಟ್ಟಿಯಾಗಿರಲಿ, ತಂತಿಬಲೆಯ ನೆಲದಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ಅಡಗಿಕೊಳ್ಳಲು ಒಂದು ಪೆಟ್ಟಿಗೆ, ಭಾರದ ಬಟ್ಟಲು, ನೀರಿನ ಪಾತ್ರೆ ಸಾಕು. ಗೂಡನ್ನು ಸೆಕೆಂಡ್ ಹ್ಯಾಂಡ್ ಕೊಂಡರೂ ನಡೆಯುತ್ತದೆ, ಚೆನ್ನಾಗಿ ತೊಳೆದು ಒಣಗಿಸಿ.

ಚಕ್ರದಲ್ಲಿ ಮಾತ್ರ ಉಳಿತಾಯ ಬೇಡ. ಹೆಡ್ಜ್‌ಹಾಗ್ ಒಂದೇ ರಾತ್ರಿ ಹಲವು ಕಿಲೋಮೀಟರ್ ಓಡಬಲ್ಲದು. ಓಡುವುದಕ್ಕೆ ಇರುವುದು ಈ ಚಕ್ರ ಒಂದೇ. ಅದರ ವ್ಯಾಸ 28ರಿಂದ 30 ಸೆಂಟಿಮೀಟರ್ ಇರಬೇಕು, ಸಣ್ಣದಾದರೆ ಬೆನ್ನು ಬಾಗುತ್ತದೆ. ಓಡುವ ಜಾಗ ನುಣುಪಾಗಿ, ಸಂದಿಲ್ಲದೆ ಇರಬೇಕು. ಸಂದಿರುವ ಕಂಬಿ ಚಕ್ರದಲ್ಲಿ ಉಗುರು ಸಿಕ್ಕಿ ಕಾಲು ಮುರಿದರೆ, ಚಕ್ರದಲ್ಲಿ ಉಳಿಸಿದ್ದು ಒಂದೇ ಎಕ್ಸ್‌ರೇಗೆ ಹೋಗುತ್ತದೆ. ಇನ್ನೊಂದು ವಿಷಯ: ಇದು ಓಡುತ್ತಲೇ ಹೇತುಬಿಡುತ್ತದೆ. ಬೆಳಿಗ್ಗೆ ಚಕ್ರದ ಒಳಗೋಡೆಗೆ ಮೆತ್ತಿ ಒಣಗಿದ ಹೊಲಸು, ಅದೇ ಹೊಲಸು ಪಾದಕ್ಕೂ. ದಿನಾ ತೊಳೆಯಬೇಕು. ಸುಲಭವಾಗಿ ಬಿಚ್ಚಲು ಬರುವ ಚಕ್ರವನ್ನೇ ಆರಿಸಿ.

ಹಂತ 5: ತಿಂಗಳ ಖರ್ಚು

ಊಟದ ಖರ್ಚು ದೊಡ್ಡದಲ್ಲ. ದಿನಕ್ಕೆ ಒಂದೆರಡು ದೊಡ್ಡ ಚಮಚ ಒಣ ಆಹಾರ ಸಾಕು. ಹೆಡ್ಜ್‌ಹಾಗ್‌ಗೆಂದೇ ಮಾಡಿದ ಆಹಾರ ಇಲ್ಲವೇ ಪ್ರೋಟೀನ್ ಜಾಸ್ತಿ, ಕೊಬ್ಬು ಕಡಿಮೆ ಇರುವ ಒಳ್ಳೆಯ ಬೆಕ್ಕಿನ ಆಹಾರ ಕೊಡಬಹುದು. ಒಂದು ಕೆ.ಜಿ. ಚೀಲ ತಿಂಗಳಿಗೂ ಮೀರಿ ಬರುತ್ತದೆ. ಜೊತೆಗೆ ಸ್ವಲ್ಪ ಹುಳು ಹುಪ್ಪಟೆ ಬೇಕು. ಮೀಲ್‌ವರ್ಮ್ ಇಷ್ಟಪಟ್ಟು ತಿನ್ನುತ್ತದೆ, ಆದರೆ ಅದರಲ್ಲಿ ಕೊಬ್ಬು ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಅದನ್ನೇ ಸುರಿದರೆ ಮೈ ಬೊಜ್ಜಾಗಿ ಉಂಡೆಯಾಗಲೂ ಆಗದ ಸ್ಥಿತಿ ಬರುತ್ತದೆ. ಹಾಲು ಬೇಡವೇ ಬೇಡ, ಭೇದಿಯಾಗುತ್ತದೆ.

ಹಾಸಿಗೆಗೆ ಎರಡು ದಾರಿ. ಕಾಗದದ ಚೂರು ಹಾಸಿದರೆ ಪ್ರತಿ ತಿಂಗಳೂ ಕೊಳ್ಳಬೇಕು. ಫ್ಲೀಸ್ ಬಟ್ಟೆ ಮೂರ್ನಾಲ್ಕು ತುಂಡು ಇಟ್ಟುಕೊಂಡರೆ ಒಗೆದು ಒಗೆದು ಹಾಸಬಹುದು, ಅಂಚಿನಲ್ಲಿ ನೂಲು ಎದ್ದು ಕಾಲಿಗೆ ಸುತ್ತದಂತೆ ನೋಡಿಕೊಂಡರಾಯಿತು. ನನಗೆ ಬಟ್ಟೆಯೇ ಮೇಲು ಅನಿಸುತ್ತದೆ. ಹಾಸಿಗೆ ಬಿಳಿಯಾಗಿದ್ದರೆ ಮೂತ್ರದ ಬಣ್ಣ ತಕ್ಷಣ ಕಾಣುತ್ತದೆ. ದೇವದಾರು ಮರದ ಹೊಟ್ಟು ಹಾಕಬೇಡಿ, ಅದರ ಘಾಟು ಉಸಿರಾಟಕ್ಕೆ ಕೆಟ್ಟದ್ದು.

ಹಂತ 6: ಕಾಯಿಲೆ ನಿಧಿ

ಮರಿಗೆ ಮೊದಲ ಕೆಲವು ತಿಂಗಳಲ್ಲಿ ಹಳೆ ಮುಳ್ಳು ಉದುರಿ ಹೊಸದು ಬರುತ್ತದೆ. ಅದು ಸಹಜ. ಆದರೆ ಮುಳ್ಳಿನ ಬುಡದಲ್ಲಿ ಹೊಟ್ಟು ಏಳುತ್ತಿದ್ದರೆ, ಕೆರೆದುಕೊಳ್ಳುತ್ತಿದ್ದರೆ ಮೈಟ್ ಎಂಬ ಸಣ್ಣ ಹುಳವೋ ಶಿಲೀಂಧ್ರವೋ ಇರಬಹುದು. ಚರ್ಮ ಪರೀಕ್ಷೆ ಮಾಡಿಸಬೇಕು. ಆ ಶಿಲೀಂಧ್ರ ಮನುಷ್ಯರಿಗೂ ಹರಡುತ್ತದೆ.

ವಯಸ್ಸಾದಂತೆ ಹಲ್ಲು, ಒಸಡಿನ ತೊಂದರೆ ಮತ್ತು ಗಡ್ಡೆಗಳು ಈ ಪ್ರಾಣಿಗೆ ತುಂಬಾ ಸಾಮಾನ್ಯ. ಹೆಣ್ಣು ಹೆಡ್ಜ್‌ಹಾಗ್‌ನ ಹಾಸಿಗೆಯ ಮೇಲೆ ರಕ್ತ ಕಂಡರೆ ಅದು ಎಷ್ಟೋ ಸಲ ಗರ್ಭಕೋಶದಿಂದ ಬಂದಿರುತ್ತದೆ. ಆಗ ಆಪರೇಷನ್ ಬೇಕಾಗಬಹುದು. ‘ವಾಬ್ಲಿ’ ಎಂಬ ನರದ ಕಾಯಿಲೆ ಇನ್ನೂ ಕಷ್ಟದ್ದು. ಹಿಂಗಾಲು ತೂರಾಡುವುದರಿಂದ ಶುರುವಾಗಿ ಮೈಯೆಲ್ಲ ನಿಧಾನವಾಗಿ ಸೋಲುತ್ತದೆ, ಔಷಧಿ ಇಲ್ಲ. ಉತ್ತರ ಅಮೆರಿಕದಲ್ಲಿ ಸಾಕಿದ ಹೆಡ್ಜ್‌ಹಾಗ್‌ಗಳಲ್ಲಿ ಸುಮಾರು ಶೇ 10ರಷ್ಟಕ್ಕೆ ಇದು ಬರುತ್ತದೆ ಎನ್ನುತ್ತಾರೆ ಪಶುವೈದ್ಯರು. ಕೈಯಾರೆ ತಿನ್ನಿಸಿ, ಒರೆಸಿ, ಕೊನೆಗೆ ನೋವಿಲ್ಲದ ಸಾವು ಕೊಡಿಸಬೇಕಾಗುತ್ತದೆ. ಆ ಖರ್ಚೂ ಲೆಕ್ಕದಲ್ಲಿರಲಿ.

ಮಾಡಬೇಕಾದ್ದು ಇಷ್ಟು. ಡಾಕ್ಟರು ಹೇಳಿದ ದರಗಳಲ್ಲಿ ಒಂದು ತುರ್ತು ಭೇಟಿ, ಒಂದು ಅರಿವಳಿಕೆ, ಒಂದು ಎಕ್ಸ್‌ರೇ ಕೂಡಿಸಿ. ಅಷ್ಟು ಹಣ ಕೈಯಲ್ಲಿದ್ದ ಮೇಲೆಯೇ ಮರಿ ತನ್ನಿ. ಆಮೇಲೆ ತಿಂಗಳಿಗಿಷ್ಟು ಎಂದು ಎತ್ತಿಡುತ್ತಾ ಹೋಗಿ. ಹೀಟರ್, ಗೂಡು, ಚಕ್ರ ಮೊದಲಾದ ಒಂದು ಸಲದ ಖರ್ಚನ್ನು, ನಾಲ್ಕು ವರ್ಷ ಸಾಕುತ್ತೀರಿ ಎಂದಿಟ್ಟುಕೊಂಡು, 48 ತಿಂಗಳಿಗೆ ಹಂಚಿ, ಅದಕ್ಕೆ ಕರೆಂಟು, ಊಟ, ಹಾಸಿಗೆ, ವರ್ಷದ ತಪಾಸಣೆಯ ಹನ್ನೆರಡನೇ ಒಂದು ಭಾಗ ಮತ್ತು ಎತ್ತಿಡುವ ಹಣ ಸೇರಿಸಿ. ಬಂದ ಮೊತ್ತವೇ ಹೆಡ್ಜ್‌ಹಾಗ್‌ನ ತಿಂಗಳ ಖರ್ಚು. ನಾಲ್ಕು ತಿಂಗಳು ಅಷ್ಟು ಹಣವನ್ನು ನಿಜವಾಗಿ ಬೇರೆ ತೆಗೆದಿಟ್ಟು ನೋಡಿ. ಮನೆ ಖರ್ಚಿಗೆ ಎಳೆದಾಡದೆ ಆಯಿತೆಂದರೆ ಮುಂದುವರಿಯಿರಿ.

ಹಂತ 7: ಈಗ ಮರಿ

ಒಂದೇ ಸಾಕು. ಹೆಡ್ಜ್‌ಹಾಗ್ ಒಂಟಿಯಾಗಿ ಬದುಕುವ ಪ್ರಾಣಿ. ಎರಡು ತಂದರೆ ಗೂಡು, ಚಕ್ರ, ಹೀಟರ್ ಎಲ್ಲವೂ ಎರಡೆರಡು ಬೇಕು. ಅಪ್ಪ, ಅಮ್ಮನ ವಯಸ್ಸು ಮತ್ತು ಕಾಯಿಲೆಯ ಇತಿಹಾಸ ಹೇಳುವವರ ಹತ್ತಿರ ಮಾತ್ರ ಕೊಳ್ಳಿ. ಸಾಕಲಾಗದೆ ಬಿಟ್ಟುಕೊಡುವವರಿಂದ ಬೆಳೆದ ಹೆಡ್ಜ್‌ಹಾಗ್ ಸಿಕ್ಕರೆ ಗೂಡು, ಚಕ್ರ ಜೊತೆಗೇ ಬರುವುದುಂಟು. ಹಾಗೆ ಬಂದಾಗ ಅದರ ವಯಸ್ಸು, ಈಗ ತಿನ್ನುತ್ತಿರುವ ಆಹಾರ, ಡಾಕ್ಟರಿಗೆ ತೋರಿಸಿದ ಚೀಟಿಗಳನ್ನು ಕೇಳಿ ಪಡೆಯಿರಿ. ಮೊದಲ ವಾರದಲ್ಲೇ ಒಂದು ತಪಾಸಣೆ ಮಾಡಿಸಿ, ಅಡುಗೆಮನೆಯ ತಕ್ಕಡಿಯಂಥ ಸಣ್ಣ ತಕ್ಕಡಿಯೊಂದನ್ನು ಇದಕ್ಕೆಂದೇ ಇಟ್ಟುಕೊಂಡು ವಾರಕ್ಕೊಮ್ಮೆ ತೂಕ ಬರೆದಿಡಿ. ಕಾಯಿಲೆಯನ್ನು ಈ ಪ್ರಾಣಿ ಚೆನ್ನಾಗಿ ಮುಚ್ಚಿಡುತ್ತದೆ. ಎಷ್ಟೋ ಸಲ ಮೊದಲ ಸುಳಿವು ಸಿಗುವುದು ಇಳಿಯುತ್ತಿರುವ ತೂಕದಲ್ಲೇ.