ಮೂವತ್ತಾರು ತಿಂಗಳ ಲೆಕ್ಕ

ಪೀಣ್ಯದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ 29 ವರ್ಷ ದುಡಿದವನು ನಾನು. 2024ರಲ್ಲಿ, ನನಗೆ 55 ತುಂಬಿದ ಕೆಲವೇ ವಾರಗಳಲ್ಲಿ, ಸ್ವಯಂ ನಿವೃತ್ತಿಯ ನೋಟಿಸು ಅಂಟಿಸಿದರು: ಸೇವೆಯ ಪ್ರತಿ ವರ್ಷಕ್ಕೆ 45 ದಿನಗಳ ವೇತನ. ಕ್ಯಾಂಟೀನಿನಲ್ಲಿ ಅಂದು ಊಟಕ್ಕಿಂತ ಲೆಕ್ಕವೇ ಹೆಚ್ಚು ನಡೆಯಿತು. ನನ್ನ ಸಂಬಳ 72,000 ರೂಪಾಯಿ. 29 ವರ್ಷಕ್ಕೆ 45 ದಿನದಂತೆ ನಲವತ್ತಮೂರೂವರೆ ತಿಂಗಳ ಸಂಬಳ, 31 ಲಕ್ಷ ದಾಟಿತು. ಸಂಜೆ ಕಾಲು ಕೆ.ಜಿ. ಮೈಸೂರು ಪಾಕ್ ಕಟ್ಟಿಸಿಕೊಂಡು ಮನೆಗೆ ಹೋದೆ. ಹೆಂಡತಿಗೆ ಸಕ್ಕರೆ ಕಾಯಿಲೆ ಎಂಬುದೂ ಆ ಸಂಭ್ರಮದಲ್ಲಿ ಮರೆತಿತ್ತು.

ಅವಳು ಸಿಹಿಯನ್ನು ಪಕ್ಕಕ್ಕಿಟ್ಟು, "ರೀ, ಆ ಕಾಗದವನ್ನು ಪೂರ್ತಿ ಓದಿದಿರಾ?" ಎಂದಳು. ಓದಿರಲಿಲ್ಲ.

ವೇತನವೆಂದರೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಮಾತ್ರ ಎಂದಿತ್ತು. ನನಗೆ ಅದು 44,000. ಅದರ ಕೆಳಗೆ ಇನ್ನೊಂದು ಸಾಲು: ಹೀಗೆ ಬರುವ ಮೊತ್ತ ಅಥವಾ ಉಳಿದ ಸೇವಾವಧಿಯ ವೇತನ, ಇವುಗಳಲ್ಲಿ ಯಾವುದು ಕಡಿಮೆಯೋ ಅದು. ನಮ್ಮಲ್ಲಿ ನಿವೃತ್ತಿ 58ಕ್ಕೆ. ನನಗೆ ಉಳಿದಿದ್ದದ್ದು 36 ತಿಂಗಳು. 31 ಲಕ್ಷ ಕರಗಿ 15,84,000ಕ್ಕೆ ನಿಂತಿತು. ಅದರಲ್ಲೂ ಆದಾಯ ತೆರಿಗೆಯ ವಿನಾಯಿತಿ 5 ಲಕ್ಷಕ್ಕೆ ಮಾತ್ರ. 29 ವರ್ಷಗಳ ಸೇವೆಗೆ ಕೊಡುವ ಹಣವೆಂದು ನಾನು ಹಿಗ್ಗಿದ್ದು, ಮುಂದಿನ ಮೂರು ವರ್ಷದ ಅರೆಸಂಬಳವಾಗಿತ್ತು.

ಹಾಗಾದರೆ ಕೆಲಸ ಬಿಡುವುದು ಬೇಡವೇ? ಉಳಿದರೆ ಮೂರು ವರ್ಷಕ್ಕೆ ಸಂಬಳವೇ 25,92,000. ವ್ಯತ್ಯಾಸ ಹತ್ತು ಲಕ್ಷ, ಜೊತೆಗೆ ಪಿಎಫ್‌ನಲ್ಲಿ ಕಂಪನಿಯ ಪಾಲು. ಆದರೆ ನಮ್ಮ ವಿಭಾಗದ ಕೆಲಸ ಹೊರಗುತ್ತಿಗೆಗೆ ಹೋಗತೊಡಗಿ ಎರಡು ವರ್ಷವಾಗಿತ್ತು. ಆ ಮೂರು ವರ್ಷ ಕೆಲಸವಿರುತ್ತದೆ ಎಂದು ಬರೆದುಕೊಡುವವರು ಯಾರೂ ಇರಲಿಲ್ಲ. ರಾತ್ರಿ ಪಾಳಿಯಲ್ಲಿ ನನ್ನ ಮಂಡಿ ಹೇಳುತ್ತಿದ್ದ ಮಾತು ಬೇರೆ.

ಆಮೇಲೆ ನೋಟಿಸು ಬದಿಗಿಟ್ಟು ಅವಳ ಖರ್ಚಿನ ಪುಸ್ತಕ ತೆರೆದೆವು. ತಿಂಗಳಿಗೆ 42,000. ಸಾಲವಿಲ್ಲ, ಮಗಳು ಕೆಲಸದಲ್ಲಿದ್ದಾಳೆ, ಮೇಲಿನ ಮನೆಯ ಬಾಡಿಗೆ 11,000. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 60 ತುಂಬಬೇಕೆಂದು ನಾನು ತಿಳಿದಿದ್ದೆ. ಸ್ವಯಂ ನಿವೃತ್ತಿ ಪಡೆದವರಿಗೆ 55 ಆಗಿದ್ದರೂ ಸಾಕಂತೆ. ನಿವೃತ್ತಿಯ ಹಣ ಕೈಸೇರಿದ ಮೂರು ತಿಂಗಳೊಳಗೆ ಖಾತೆ ತೆರೆಯಬೇಕು, ಕಂಪನಿಯ ಪತ್ರ ಬೇಕು. ಮಿತಿ 30 ಲಕ್ಷ, ಬಡ್ಡಿ ಆಗ ಶೇ. 8.2. ಮೂರು ತಿಂಗಳಿಗೊಮ್ಮೆ 61,500, ಅಂದರೆ ತಿಂಗಳಿಗೆ 20,500. ಪಿಎಫ್, ಗ್ರಾಚ್ಯುಟಿ ಸೇರಿದರೆ 30 ಲಕ್ಷ ಹಾಕಿಯೂ ಕೈಯಲ್ಲಿ ಒಂದಷ್ಟು ಉಳಿಯುತ್ತಿತ್ತು. ಕೊರತೆ 10,500. ಗೆಳೆಯನ ಜಿಗ್ (ಯಂತ್ರದ ಕೆಲಸದಲ್ಲಿ ಬಿಡಿಭಾಗ ಹಿಡಿದಿಡುವ ಸಾಧನ) ತಯಾರಿಸುವ ಶೆಡ್ಡಿನಲ್ಲಿ ವಾರಕ್ಕೆ ಮೂರು ದಿನ ಕೂತರೆ ಅದು ತುಂಬುತ್ತದೆ.

ಪಿಎಫ್ ಪಿಂಚಣಿಯನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಅದನ್ನು ಲೆಕ್ಕ ಹಾಕುವುದು ಪೂರ್ಣ ವೇತನದ ಮೇಲಲ್ಲ. 2014ರವರೆಗೆ 6,500, ಆಮೇಲೆ 15,000 ರೂಪಾಯಿಯ ಮಿತಿಯೊಳಗೆ. ನನಗೆ ಬರುವುದು ನಾಲ್ಕು ಸಾವಿರದ ಆಸುಪಾಸು. 58ಕ್ಕೆ ಮೊದಲೇ ಕೇಳಿದರೆ ವರ್ಷಕ್ಕೆ ಶೇ. 4ರಂತೆ ಅದಕ್ಕೂ ಕತ್ತರಿ. ಕಾಯುವುದೇ ಸರಿ ಎಂದುಕೊಂಡೆ.

ನಿದ್ದೆ ಕೆಡಿಸಿದ್ದು ಆರೋಗ್ಯ ವಿಮೆ. ಕೆಲಸ ಬಿಟ್ಟ ದಿನವೇ ಕಂಪನಿಯ ಗುಂಪು ವಿಮೆ ಮುಗಿಯುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲಿನಿಂದಿರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಅವಳ ಸಕ್ಕರೆ ಅಷ್ಟು ಕಾಲ ಕಾಯುತ್ತದೆಯೇ? ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ದಾಟಿಕೊಂಡರೆ ಹಳೆಯ ವರ್ಷಗಳು ಲೆಕ್ಕಕ್ಕೆ ಬರುತ್ತವೆ ಎಂದು ತಿಳಿದದ್ದು ಎಚ್‌ಆರ್ ವಿಭಾಗದಿಂದಲ್ಲ, ಹಿಂದಿನ ಸುತ್ತಿನಲ್ಲಿ ಬಿಟ್ಟುಹೋದ ಫಿಟ್ಟರ್ ಒಬ್ಬರಿಂದ. ಅವರು ಆ ಅವಕಾಶ ಕಳೆದುಕೊಂಡಿದ್ದರು. ನಾನು ವಿಮಾ ಕಚೇರಿಗೆ ನಾಲ್ಕು ಸಲ ಅಲೆದೆ. ಒಪ್ಪಿಗೆ ಬರಹದಲ್ಲಿ ಬಂದ ಮರುದಿನ ಅರ್ಜಿಗೆ ಸಹಿ ಹಾಕಿದೆ. ಗಡುವಿಗೆ ಇನ್ನೂ ಎರಡು ದಿನ ಉಳಿದಿತ್ತು.