ಬಣ್ಣ ನೋಡಿ ಪ್ಯಾಡ್ ಕೊಳ್ಳೋದು ಬಿಟ್ಟ ಮೇಲೆ

ಕಪ್ಪು ಕಾರಿಗೆ ಪಾಲಿಶ್ ಮೆಷಿನ್ನಿನ ಉಣ್ಣೆ ಪ್ಯಾಡ್ ಮುಟ್ಟಿಸದೆ, ಬರೀ ಫೋಮ್ ಪ್ಯಾಡಿನಲ್ಲೇ ಗೀರು ತೆಗೆಯುತ್ತೇನೆ ಅಂದಾಗ ಬಾಗಲಕೋಟೆ ನವನಗರದ ಗ್ಯಾರೇಜಿನವರು ಯಾರೂ ನಂಬಲಿಲ್ಲ. ಡೆಂಟಿಂಗ್-ಪೇಂಟಿಂಗ್ ಕೆಲಸದಲ್ಲೇ ಕೂದಲು ಬೆಳ್ಳಗಾದ ಮಾವ ಒಬ್ಬರಿದ್ದಾರೆ. "ಸ್ಪಂಜ್ ತಗೊಂಡು ಮೈ ತಿಕ್ಕತಾರ ತಮ್ಮಾ, ಗಾಡಿ ತಿಕ್ಕಂಗಿಲ್ಲ" ಅಂದಿದ್ದರು. ಈಗ ಅವರು ಪೇಂಟ್ ಮಾಡಿದ ಕಪ್ಪು ಗಾಡಿಗಳೇ ಕೊನೆಯ ಬಫಿಂಗಿಗೆ ನನ್ನ ಶೆಡ್ಡಿಗೆ ಬರುತ್ತವೆ. ಅದಕ್ಕೇ ಬರೆಯುವ ಧೈರ್ಯ ಬಂತು. ಪಾಲಿಶ್ ಮೆಷಿನ್ನಿನಲ್ಲಿ ಎರಡು ಥರ: ಸುಮ್ನೆ ಗರಗರ ತಿರುಗುವ ರೋಟರಿ, ತಿರುಗುತ್ತಲೇ ಅಲುಗಾಡುವ ಡಿಎ. ಅದರ ಬಗ್ಗೆ ಇಷ್ಟು ಸಾಕು. ನಾನು ಪ್ಯಾಡಿನ ಮಾತಷ್ಟೇ ಆಡುತ್ತೇನೆ.

ಅಂಗಡಿಯವರು ಪ್ಯಾಡ್ ಮಾರುವುದು ಬಣ್ಣದ ಮೇಲೆ. "ಹಳದಿ ತಗೋರಿ, ಕಟಿಂಗ್ ಚಲೋ ಬರ್ತದ" ಅಂತಾರೆ. ಕಟಿಂಗ್ ಅಂದರೆ ಗೀರು ಹೋಗುವಷ್ಟು ಪೇಂಟಿನ ಮೇಲ್ಪದರ ಸವೆಸೋದು. ಯಾವ ಕಂಪನಿಯ ಹಳದಿ? ಲೇಕ್ ಕಂಟ್ರಿಯಲ್ಲಿ ಹಳದಿ ಅಂದರೆ ಗಟ್ಟಿ ಕಟಿಂಗ್ ಪ್ಯಾಡ್. ರೂಪೆಸ್‌ನಲ್ಲಿ ಹಳದಿ ಅಂದರೆ ಫೈನ್, ನಯವಾದದ್ದು. ರೂಪೆಸ್‌ನ ನೀಲಿ ಎಲ್ಲಕ್ಕಿಂತ ಒರಟು, ಆದರೆ 3ಎಂನವರ ನೀಲಿ ಕೊನೆಯ ಫಿನಿಶಿಂಗಿಗೆ. ಇನ್ನು ಹೆಸರಿಲ್ಲದ ಸೆಟ್‌ಗಳಲ್ಲಿ ಬಣ್ಣಕ್ಕೆ ಅರ್ಥವೇ ಇಲ್ಲ. ಆನ್‌ಲೈನಿನಲ್ಲಿ 600 ರೂಪಾಯಿಗೋ 650ಕ್ಕೋ ಐದು ಬಣ್ಣದ ಒಂದು ಸೆಟ್ ತರಿಸಿದ್ದೆ. ಕಣ್ಣು ಮುಚ್ಚಿ ಒತ್ತಿ ನೋಡಿದರೆ ಐದೂ ಒಂದೇ. ಅದರಲ್ಲಿ ಎರಡು ಪ್ಯಾಡಿನ ವೆಲ್ಕ್ರೊ ಮೊದಲ ಬಾನೆಟ್ ಮುಗಿಯುವ ಮೊದಲೇ ಕಿತ್ತು ಬಂತು.

ಈಗ ನಾನು ಪ್ಯಾಡ್ ಕೊಳ್ಳುವಾಗ ಕೈಯನ್ನಷ್ಟೇ ನಂಬುತ್ತೇನೆ. ಹೆಬ್ಬೆರಳಿನಿಂದ ಒತ್ತಿ ಬಿಡುತ್ತೇನೆ. ತಕ್ಷಣ ಮೇಲೆ ಬರಬೇಕು. ನಿಧಾನಕ್ಕೆ ಬಂದರೆ ನಮ್ಮ ಬಿಸಿಲಲ್ಲಿ ಅದು ಬಾಳೋದಿಲ್ಲ. ಆಮೇಲೆ ಅಂಚು ನೋಡುತ್ತೇನೆ. ವೆಲ್ಕ್ರೊಗಿಂತ ಫೋಮ್ ಸುತ್ತಲೂ ಒಂದಿಷ್ಟು ಹೊರಗೆ ಇರಬೇಕು. ಇಲ್ಲದಿದ್ದರೆ ಬ್ಯಾಕಿಂಗ್ ಪ್ಲೇಟಿನ (ಪ್ಯಾಡ್ ಕೂರುವ ಮೆಷಿನ್ನಿನ ತಟ್ಟೆ) ಅಂಚು ಪೇಂಟಿಗೆ ತಾಗುತ್ತದೆ. 5 ಇಂಚಿನ ಪ್ಲೇಟಿಗೆ ಐದೂವರೆ ಇಂಚಿನ ಪ್ಯಾಡ್ ನನಗೆ ಹೊಂದಿದೆ. ನಡುವೆ ತೂತು ಇದ್ದರೆ ಇನ್ನೂ ಒಳ್ಳೆಯದು, ಶಾಖ ಕೂಡುವುದೇ ನಡುಭಾಗದಲ್ಲಿ.

ನನ್ನ ದುಡ್ಡು ಜಾಸ್ತಿ ಹೋಗಿದ್ದು ದಪ್ಪ ಪ್ಯಾಡಿಗೆ. ದಪ್ಪ ಇದ್ದಷ್ಟೂ ಮೆತ್ತಗೆ, ಮೆತ್ತಗಿದ್ದಷ್ಟೂ ಪೇಂಟಿಗೆ ಸುರಕ್ಷಿತ ಅಂತ ಎಲ್ಲರೂ ಹೇಳುತ್ತಿದ್ದರು. ರೋಟರಿಗೆ ಆ ಮಾತು ನಡೀಬಹುದು. ಡಿಎಗೆ ನಡೆಯೋದಿಲ್ಲ. ಮೆಷಿನ್ನಿನ ಅಲುಗಾಟವನ್ನೆಲ್ಲ ಫೋಮೇ ನುಂಗುತ್ತದೆ, ಪೇಂಟಿಗೆ ಏನೂ ಮುಟ್ಟೋದಿಲ್ಲ. ಒಳಗೊಳಗೇ ತಿಕ್ಕಾಡಿ ಪ್ಯಾಡ್ ಕಾಯುತ್ತದೆ, ಅಂಟು ಕರಗುತ್ತದೆ. ಏಪ್ರಿಲ್-ಮೇನಲ್ಲಿ ಬಾಗಲಕೋಟೆ 40 ಡಿಗ್ರಿ ದಾಟುತ್ತದೆ, ನನ್ನದು ತಗಡಿನ ಶೆಡ್. ಒಂದು ಬೇಸಿಗೆಯಲ್ಲಿ ದಪ್ಪ ಪ್ಯಾಡ್‌ಗಳು ಆರೋ ಏಳೋ ಹೋದವು. ಒಂದೊಂದು 700-800 ರೂಪಾಯಿಯವು. ತೆಳು ಪ್ಯಾಡಿಗೆ ಬಂದ ಮೇಲೆ ಅದೇ ಕಾಂಪೌಂಡ್ (ಗೀರು ತಿಕ್ಕುವ ಪೇಸ್ಟ್), ಅದೇ ಮೆಷಿನ್, ಕಟಿಂಗ್ ಮಾತ್ರ ಎದ್ದು ಕಾಣುವಷ್ಟು ಜಾಸ್ತಿ ಬಂತು. ಬ್ಯಾಕಿಂಗ್ ಪ್ಲೇಟಿನ ಮೇಲೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದು ನೋಡಿ. ಒತ್ತಿದಾಗ ಗೆರೆ ನಿಂತರೆ ಪ್ಯಾಡ್ ಸುಮ್ನೆ ನಡುಗುತ್ತಿದೆ, ಕೆಲಸ ಆಗುತ್ತಿಲ್ಲ ಅಂತ. ದಪ್ಪ ಪ್ಯಾಡಿನಲ್ಲಿ ಆ ಗೆರೆ ಬಾಗಿಲಿನ ತಿರುವು ಬಂದಲ್ಲೆಲ್ಲ ನಿಲ್ಲುತ್ತಿತ್ತು.

ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಗೆಳೆಯನಿದ್ದಾನೆ. ಅವನದು ಒರಟಾದ 50ರ ಪ್ಯಾಡಿನಿಂದ ಶುರುವಾಗಿ 100, 200, 400 ಅಂತ ನಯವಾದ 3000ದವರೆಗೆ ಹೋಗುವ ಕೆಲಸ. ಒಂದು ನಂಬರ್ ಬಿಟ್ಟರೂ ಕಲ್ಲು ಹೇಳಿಬಿಡುತ್ತದೆ ಅಂತಾನೆ. ನನಗೂ "ಒರಟಿನಿಂದ ಶುರು ಮಾಡು" ಅಂದ. ಕಲ್ಲಿಗೆ ಸರಿ. ಕಾರಿನ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಇರೋದೇ 40-50 ಮೈಕ್ರಾನ್, ಒರಟಿನಿಂದ ಶುರು ಮಾಡಿದರೆ ಉಳಿಯೋದೇನು? ನಾನು ಉಲ್ಟಾ ಹೋಗುತ್ತೇನೆ. ಬಾನೆಟ್ಟಿನ ಮೇಲೆ ಒಂದೂವರೆ ಅಡಿ ಜಾಗ ಟೇಪ್ ಹಚ್ಚಿ ಮೊದಲು ಫಿನಿಶಿಂಗ್ ಪ್ಯಾಡ್, ಹೋಗದಿದ್ದರೆ ಮೀಡಿಯಂ, ಅದೂ ಸಾಲದಿದ್ದರೆ ಮಾತ್ರ ಕಟಿಂಗ್. ಪ್ರತಿ ಸಲ ಐಪಿಎ (ಎಣ್ಣೆ ತೆಗೆಯುವ ಐಸೊಪ್ರೊಪೈಲ್ ಆಲ್ಕೊಹಾಲ್) ಒರೆಸಿ, ಹೊರಗೆ ಬಿಸಿಲಿಗೆ ಗಾಡಿ ತಂದು ನೋಡಬೇಕು. ಕಾಂಪೌಂಡಿನ ಎಣ್ಣೆ ಮುಚ್ಚಿಟ್ಟ ಗೀರು ಟ್ಯೂಬ್‌ಲೈಟಿಗೆ ಕಾಣೋದಿಲ್ಲ. ಇಷ್ಟಾದರೂ ಗೆಳೆಯನ ಮಾತಲ್ಲಿ ಒಂದನ್ನು ಕದ್ದಿದ್ದೇನೆ. ನಂಬರ್ ಬದಲಿಸುವ ಮುಂಚೆ ಅವನು ಕಲ್ಲನ್ನು ಪೂರ್ತಿ ತೊಳೆಯುತ್ತಾನೆ, ಹಿಂದಿನ ಪ್ಯಾಡಿನ ಒಂದು ಹರಳೂ ಉಳಿಯಬಾರದು ಅಂತ. ನಾನೂ ಹಾಗೇ ಪ್ಯಾನೆಲ್ ಒರೆಸಿಯೇ ಮುಂದಿನ ಪ್ಯಾಡ್ ಎತ್ತುತ್ತೇನೆ.

ನಮ್ಮ ಕಡೆ ಗಾಡಿಗಳ ಗೀರು ಎರಡು ಥರ. ಲೋಕಾಪುರದ ಕಡೆಯಿಂದ ಬರುವ ಗಾಡಿಯ ಮೇಲೆ ಸುಣ್ಣಕಲ್ಲಿನ ಧೂಳು, ಅದನ್ನು ಒಣಬಟ್ಟೆಯಲ್ಲಿ ಒರೆಸಿ ಒರೆಸಿ ಎದ್ದ ಸುರುಳಿ ಗೀರು. ಇದು ಮೀಡಿಯಂ ಫೋಮಿಗೇ ಹೋಗುತ್ತದೆ. ಇನ್ನೊಂದು ಕಬ್ಬಿನ ಸೀಸನ್ನಿನದು. ಜಮಖಂಡಿ, ಮುಧೋಳ ರಸ್ತೆಯಲ್ಲಿ ಟ್ರ್ಯಾಕ್ಟರ್ ದಾಟುವಾಗ ಕಬ್ಬಿನ ತುದಿ ಬಾಗಿಲಿಗೆ ಎಳೆದ ಉದ್ದ ಗೀರು. ಅದಕ್ಕೆ ಐದೂವರೆ ಇಂಚಿನ ಪ್ಯಾಡ್ ಹಿಡಿದು ಇಡೀ ಬಾಗಿಲು ತೆಳು ಮಾಡೋದು ದಂಡ. 3 ಇಂಚಿನ ಕಟಿಂಗ್ ಪ್ಯಾಡ್ ಸಾಕು, ಗೀರಿನ ಗುಂಟ ಅಷ್ಟೇ. ಉಗುರಿಗೆ ಸಿಗುವ ಗೀರನ್ನು ಪೂರ್ತಿ ತೆಗೆಯುತ್ತೇನೆ ಅಂತ ಗಿರಾಕಿಗೆ ಮಾತು ಕೊಡಬೇಡಿ.

ಒಂದು ಗಾಡಿಗೆ ಎಷ್ಟು ಪ್ಯಾಡ್? ಹಿಂದೆ ಎರಡರಲ್ಲಿ ಮುಗಿಸುತ್ತಿದ್ದೆ, ಎಲ್ಲರೂ ಹಾಗೇ. ಈಗ ದೊಡ್ಡ ಗಾಡಿಗೆ ಎಂಟು-ಹತ್ತು. ಎರಡು ಪ್ಯಾನೆಲ್ ಆಯಿತೋ, ಪ್ಯಾಡ್ ಬದಲು. ಇಷ್ಟು ಪ್ಯಾಡ್ ನೋಡಿ ಪಕ್ಕದ ಶೆಡ್ಡಿನವ "ಇವನೇನು ಪ್ಯಾಡ್ ಅಂಗಡಿ ಇಟ್ಟಾನೇನು" ಅಂತ ನಕ್ಕಿದ್ದ. ಲೆಕ್ಕ ಹಾಕಿ ನೋಡಿ. ಕಾಂಪೌಂಡ್ ಕುಡಿದು ಬಿಸಿಯಾದ ಪ್ಯಾಡನ್ನೇ ತಿಕ್ಕುತ್ತಾ ಹೋದರೆ ಅದು ಒಂದೆರಡು ಗಾಡಿಗೇ ಸಾಯುತ್ತದೆ. ಸರದಿಯ ಮೇಲೆ ಆರಿಸಿ ಬಳಸಿದರೆ ಅದೇ ಪ್ಯಾಡ್ ಹನ್ನೆರಡು-ಹದಿನೈದು ಗಾಡಿ ನೋಡುತ್ತದೆ. ಮೊದಲು ಪ್ಯಾಡಿಗೆ ಒಂದು ಗಾಡಿಗೆ ಸುಮಾರು 500 ರೂಪಾಯಿ ಬೀಳುತ್ತಿತ್ತು, ಈಗ 400 ದಾಟೋದಿಲ್ಲ. ಕಾಂಪೌಂಡ್ ಉಳಿಯೋದು ಬೇರೆ.

ತೊಳೆಯೋದರಲ್ಲಿ ನಮ್ಮ ಬೋರಿನ ನೀರೇ ಶತ್ರು. ಪ್ಯಾಡ್ ಒಣಗಿದ ಮೇಲೆ ಬಿಳಿ ಉಪ್ಪು ಫೋಮಿನಲ್ಲೇ ಕೂತಿರುತ್ತದೆ. ಬಿಳಿ ಕಾರಿಗೆ ಗೊತ್ತಾಗೋದಿಲ್ಲ, ಕಪ್ಪು ಕಾರಿಗೆ ಕೂದಲೆಳೆಯ ಗೀರು ಬೀಳುತ್ತದೆ. ಮೊದಲು ಬೋರಿನ ನೀರು, ಕೊನೆಗೆ ಎರಡು ಸಲ ಶುದ್ಧ ನೀರಿನ ಘಟಕದ ನೀರು. 5 ರೂಪಾಯಿ ಕಾಯಿನ್ ಹಾಕಿದರೆ ಒಂದು ಕ್ಯಾನ್, ಅಷ್ಟಕ್ಕೆ ಎಲ್ಲ ಪ್ಯಾಡ್ ಮುಗಿಯುತ್ತವೆ. ಆಮೇಲೆ ಹಿಂಡಿ, ವೆಲ್ಕ್ರೊ ಮೇಲೆ ಮಾಡಿ ನೆರಳಲ್ಲಿ ಇಡುವುದು. ನೀರು ಅಂಟಿನ ಕಡೆ ಇಳಿಯಬಾರದು ನೋಡಿ. ಬಿಸಿಲಿಗಿಟ್ಟರೆ ಅಂಚು ಹೊರಳುತ್ತದೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಗಾದಿ ಅಂಗಡಿಯಿಂದ ಫೋಮ್ ತಂದು, ದುಂಡಗೆ ಕತ್ತರಿಸಿ, ವೆಲ್ಕ್ರೊ ಅಂಟಿಸಿದೆ. ಒಂದಕ್ಕೆ 40 ರೂಪಾಯಿ ಬಿದ್ದಿತ್ತು. ಕಾಂಪೌಂಡ್ ಹಚ್ಚಿ ತಿರುಗಿಸಿದರೆ ಅರ್ಧ ನಿಮಿಷದಲ್ಲಿ ಶೆಡ್ ತುಂಬ ಪುಡಿ. ಆದರೆ ಅದೇ ತುಂಡುಗಳು ಡ್ಯಾಶ್‌ಬೋರ್ಡಿಗೆ ಹೊಳಪಿನ ಡ್ರೆಸ್ಸಿಂಗ್ ಹಚ್ಚಲು ಬಹಳ ಚೆನ್ನಾಗಿವೆ. ಇನ್ನೂ ಅವನ್ನೇ ಬಳಸುತ್ತಿದ್ದೇನೆ.

ಹೊಸ ಪ್ಯಾಡಿಗೆ ಮೊದಲ ಸಲ ಕಾಂಪೌಂಡ್ ಹಾಕುವಾಗ ನಾಲ್ಕು ಹನಿ ಇಟ್ಟು ಶುರು ಮಾಡಬೇಡಿ. ರೊಟ್ಟಿ ಹಿಟ್ಟು ನಾದಿದ ಹಾಗೆ ಕೈಯಿಂದ ಮೇಲೆಲ್ಲ ತಿಕ್ಕಿ ಫೋಮಿಗೆ ಕುಡಿಸಿ. ಒಣ ಜಾಗ ಉಳಿದರೆ ಅಲ್ಲೇ ಮೊದಲು ಸುಡುತ್ತದೆ. ಬೇಸಿಗೆಯಲ್ಲಿ ನಾನು ಕಾಂಪೌಂಡಿಗೂ ಮುಂಚೆ ಇನ್ನೊಂದು ನೀರಿನಂಥದ್ದನ್ನು ಪ್ಯಾಡಿಗೆ ಹೊಡೆಯುತ್ತೇನೆ. ಅದೇನು, ಎಷ್ಟು ಅಂತ ಇಲ್ಲಿ ಹೇಳೋದಿಲ್ಲ. ಹೊಟ್ಟೆಪಾಡು, ಅಲ್ವಾ?

ಮಾವನ ಮನಸ್ಸು ಬದಲಾಗಿದ್ದು ಒಂದು ಕಪ್ಪು ಸ್ಕಾರ್ಪಿಯೊದಿಂದ. ಅವರ ಕಡೆ ಉಣ್ಣೆ ಪ್ಯಾಡಿನಲ್ಲಿ ಮುಗಿದ ಗಾಡಿ, ಬಿಸಿಲಿಗೆ ನಿಂತರೆ ಬಾನೆಟ್ ತುಂಬ ಹೊಲೊಗ್ರಾಮ್, ಅಂದರೆ ಪ್ಯಾಡ್ ಬಿಟ್ಟ ಮಿನುಗುವ ಗೆರೆ. ಗಾಡಿಯ ಸಾಹುಕಾರರು ದುಡ್ಡು ಕೊಡದೆ ಕೂತಿದ್ದರು. ತೆಳು ಮೀಡಿಯಂ ಪ್ಯಾಡ್, ಆಮೇಲೆ ಫಿನಿಶಿಂಗ್ ಪ್ಯಾಡ್, ಒಂದೂವರೆ ದಿನ. ಐಪಿಎ ಒರೆಸಿ ಮಾವನ ಕೈಗೇ ಟಾರ್ಚ್ ಕೊಟ್ಟೆ. ಮೂಲೆ ಮೂಲೆ ಹುಡುಕಿದರು. "ಎಷ್ಟ ಕೊಡಬೇಕಪಾ?" ಅಂದರು. ಹೊರಗಿನವರಿಗೆ 7,000 ಹೇಳುತ್ತೇನೆ, ಅವರಿಂದ 4,500 ತಗೊಂಡೆ. ಹೋಗುವಾಗ ಎರಡು ಪ್ಯಾಡ್ ಕೇಳಿ ಒಯ್ದಿದ್ದಾರೆ, ಇನ್ನೂ ವಾಪಸ್ ಬಂದಿಲ್ಲ.