ಮೈಲುತುತ್ತ ತಿಂದ ಚೈನು

ನಮ್ಮ ಮನೆಯ ಅಂಗಳದಿಂದ ರಸ್ತೆಗೆ ಸಣ್ಣ ಇಳಿಜಾರು ಇದೆ. ಬೆಳಿಗ್ಗೆ ಬೈಕನ್ನು ನ್ಯೂಟ್ರಲ್‌ಗೆ ಹಾಕಿ ಬಿಟ್ಟರೆ ತಾನೇ ಉರುಳಿಕೊಂಡು ಗೇಟಿನ ತನಕ ಹೋಗುತ್ತಿತ್ತು. ಕಳೆದ ವರ್ಷ ಪುಷ್ಯ ಮಳೆ ಹಿಡಿದು ಹೊಯ್ದು, ಸ್ವಲ್ಪ ಹೊಳವಾದ ದಿನ ಅದೇ ಗಾಡಿ ನಿಂತಲ್ಲೇ ನಿಂತಿತು. ಬ್ರೇಕ್ ಹಿಡಿದುಕೊಂಡಿದೆಯೇನೋ ಅಂತ ನೋಡಿದೆ. ಬ್ರೇಕ್ ಸರಿಯಿತ್ತು. ತಳ್ಳಿದರೆ ಚೈನ್ ಕವರಿನ ಒಳಗಿಂದ ಕಿರ್ ಕಿರ್ ಸದ್ದು.

ಊರು ಮೂಡಿಗೆರೆ ತಾಲ್ಲೂಕು, ಕೊಟ್ಟಿಗೆಹಾರದ ಕಡೆ. ಇಲ್ಲಿ ಮಳೆ ಅಂದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕಬ್ಬಿಣ ಎಲ್ಲಿ ಒಣಗೀತು. ನನ್ನದು ಹಳೆಯ ಸ್ಪ್ಲೆಂಡರ್. ಚೈನ್ ಮೇಲೆ ಪೂರ್ತಿ ತಗಡಿನ ಕವರ್ ಇದೆ. ಬೇಸಿಗೆಯಲ್ಲಿ ಈ ಕವರ್ ದೊಡ್ಡ ಉಪಕಾರ, ಧೂಳು ಒಳಗೆ ಹೋಗುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಒಳಗೆ ಸೇರಿದ ನೀರು, ಕೆಸರು ಅಲ್ಲೇ ಉಳಿಯುತ್ತದೆ. ಚೈನ್ ಎಷ್ಟು ಬಿಗಿಯಿದೆ ಎಂದು ನೋಡಲು ಕವರಿನಲ್ಲಿ ಒಂದು ಕಿಂಡಿ, ಅದಕ್ಕೊಂದು ರಬ್ಬರ್ ಮುಚ್ಚಳ ಇರುತ್ತದೆ. ನನ್ನ ಗಾಡಿಯ ಮುಚ್ಚಳ ಯಾವಾಗಲೋ ಬಿದ್ದುಹೋಗಿತ್ತು. ಸಣ್ಣದು ಅಂತ ಬಿಟ್ಟಿದ್ದೆ.

ಹತ್ತನೇ ನಂಬರ್ ಸ್ಪ್ಯಾನರ್ ತಂದು ಕವರಿನ ಬೋಲ್ಟ್ ಬಿಚ್ಚಿದೆ. ಮೇಲಿನ ಭಾಗ ಒಂದು, ಕೆಳಗಿನ ಭಾಗ ಒಂದು. ಚೈನ್ ನೋಡಿ ಬೇಜಾರಾಯಿತು. ಇಡೀ ಚೈನ್ ಹೊಸ ಹೆಂಚಿನ ಬಣ್ಣ. ಅಲ್ಲಲ್ಲಿ ಕೊಂಡಿ ಮಡಚಿದ್ದು ಮಡಚಿದ ಹಾಗೇ ನಿಂತಿತ್ತು, ನೇರವಾಗುತ್ತಿರಲಿಲ್ಲ.

ಮಳೆಗೆ ತುಕ್ಕು ಬರುತ್ತದೆ, ಸರಿ. ಆದರೆ ಒಂದೇ ಮಳೆಗಾಲದಲ್ಲಿ ಇಷ್ಟು? ಯೋಚನೆ ಮಾಡುತ್ತಾ ಕೂತಾಗ ಅಡಿಕೆಗೆ ಔಷಧಿ ಹೊಡೆದದ್ದು ನೆನಪಾಯಿತು. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಂದು ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಹದ ಸರಿಯಿದೆಯಾ ಅಂತ ನೋಡಲು ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದುತ್ತೇವೆ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ಏನು? ತಾಮ್ರ. ಮೈಲುತುತ್ತದೊಳಗಿನ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಅಷ್ಟೇ ಪ್ರಮಾಣಕ್ಕೆ ಕಬ್ಬಿಣ ಕರಗಿ ಹೋಗುತ್ತದೆ. ಅದಕ್ಕೇ ಅಲ್ವಾ ನಾವು ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸದೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸುವುದು. ಅದೇ ಕರಗಿಸಿದ ನೀರನ್ನು, ಸುಣ್ಣ ಇನ್ನೂ ಸೇರಿಸದ್ದನ್ನು, ಕ್ಯಾನಿಗೆ ತುಂಬಿ ಗಾಡಿಯ ಎಡಗಡೆ ಕಟ್ಟಿಕೊಂಡು ಕೆಳಗಿನ ತೋಟಕ್ಕೆ ನಾಲ್ಕೈದು ಸಲ ಹೋಗಿದ್ದೆ. ಕ್ಯಾನಿನ ಬಿರಡೆ ಸೋರುತ್ತಿತ್ತು. ಚೈನ್ ಇರುವುದೂ ಎಡಗಡೆಯೇ. ಅದು ಸಾಲದ್ದಕ್ಕೆ ಪೊಟ್ಯಾಷ್ ಗೊಬ್ಬರದ ಮೂಟೆಯನ್ನೂ ಇದೇ ಗಾಡಿಯಲ್ಲಿ ಹೊತ್ತಿದ್ದೆ. ಪೊಟ್ಯಾಷ್ ಅಂದರೆ ಒಂದು ಜಾತಿಯ ಉಪ್ಪೇ. ಉಪ್ಪು ನೀರು ಬಿದ್ದ ಕಬ್ಬಿಣದ ಕಥೆ ಕರಾವಳಿಯವರನ್ನು ಕೇಳಿ.

ಹೊಸ ಚೈನ್ ಸೆಟ್ ಹಾಕಿಸುವುದು ಸುಲಭದ ದಾರಿ. ಆದರೆ ಚೈನ್ ಹೋಗಿಯೇ ಹೋಗಿದೆಯಾ ಅಂತ ತಿಳಿಯದೆ ದುಡ್ಡು ಹಾಕಲು ಮನಸ್ಸಾಗಲಿಲ್ಲ. ಹೊರಗಿನ ತುಕ್ಕು ಬೇರೆ, ಒಳಗಿನ ತುಕ್ಕು ಬೇರೆ. ಚೈನಿನ ಕೆಲಸ ನಡೆಯುವುದು ಪಿನ್ನಿನಲ್ಲಿ, ಪಿನ್ ತಿರುಗುವ ಬುಷ್‌ನಲ್ಲಿ. ಅದು ಕಣ್ಣಿಗೆ ಕಾಣುವುದಿಲ್ಲ. ಹೊರಗೆ ಕೆಂಪಾದ ಚೈನ್ ಒಳಗೆ ಗಟ್ಟಿಯಿರಬಹುದು. ಮೇಲೆ ಕಪ್ಪಗೆ ಎಣ್ಣೆ ಮೆತ್ತಿಕೊಂಡು ಚೆಂದ ಕಾಣುವ ಚೈನ್ ಒಳಗೆ ಸವೆದುಹೋಗಿರಬಹುದು. ಬಿಚ್ಚಿ ತೊಳೆದು ಅಳೆದರೆ ಮಾತ್ರ ಗೊತ್ತಾಗುತ್ತದೆ.

ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಕೀ ತೆಗೆದು ಒಳಗಿಟ್ಟೆ. ಇದನ್ನು ಸುಮ್ನೆ ಹೇಳುತ್ತಿಲ್ಲ. ಸ್ಟಾರ್ಟ್ ಮಾಡಿ ಗೇರ್ ಹಾಕಿ, ಓಡುವ ಚೈನಿಗೆ ಬಟ್ಟೆ ಹಿಡಿದು ಒರೆಸುವವರನ್ನು ನೋಡಿದ್ದೇನೆ. ಬಟ್ಟೆ ಸಿಕ್ಕಿಕೊಂಡರೆ ಬೆರಳು ಅದರ ಹಿಂದೆಯೇ ಹೋಗುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಚೈನ್ ಲಾಕ್, ಅಂದರೆ ಚೈನಿನ ಎರಡು ತುದಿ ಸೇರಿಸುವ ಕೊಂಡಿ, ಹುಡುಕಿ ಅದನ್ನು ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಮೇಲೆ ತಂದುಕೊಂಡೆ. ಅಲ್ಲಿ ತಂದರೆ ಎರಡೂ ತುದಿಗಳು ಹಲ್ಲಿನ ಮೇಲೆ ಕೂತಿರುತ್ತವೆ, ಬಿಚ್ಚಲೂ ಸುಲಭ, ಸೇರಿಸಲೂ ಸುಲಭ. ಮೀನಿನ ಆಕಾರದ ಸಣ್ಣ ಕ್ಲಿಪ್ ಒಂದು ಇರುತ್ತದೆ. ಕಟಿಂಗ್ ಪ್ಲೇಯರಿನ ಒಂದು ಬಾಯಿ ಕ್ಲಿಪ್ಪಿನ ಸೀಳಿದ ತುದಿಗೆ, ಇನ್ನೊಂದು ಬಾಯಿ ಪಕ್ಕದ ಪಿನ್ನಿಗೆ ಕೊಟ್ಟು ಒತ್ತಿದರೆ ಜಾರಿ ಬರುತ್ತದೆ. ಹಾರಿ ಹೋಗದ ಹಾಗೆ ಇನ್ನೊಂದು ಕೈ ಅಡ್ಡ ಹಿಡಿಯಬೇಕು. ಚೈನನ್ನು ಎಳೆದು ತೆಗೆಯುವ ಮೊದಲು ಒಂದು ತುದಿಗೆ ಉದ್ದದ ಬೈಂಡಿಂಗ್ ವೈರ್ ಕಟ್ಟಿದೆ. ಚೈನ್ ಹೊರಗೆ ಬರುವಾಗ ವೈರ್ ಅದರ ಹಿಂದೆ ಮುಂದಿನ ಸ್ಪ್ರಾಕೆಟ್ ಸುತ್ತಿ ಬಂದು ಅಲ್ಲೇ ಉಳಿಯುತ್ತದೆ. ವಾಪಸ್ ಹಾಕುವಾಗ ಅದೇ ವೈರಿಗೆ ಚೈನ್ ಕಟ್ಟಿ ಎಳೆದರಾಯಿತು, ಮುಂದಿನ ಸ್ಪ್ರಾಕೆಟ್ ಕವರ್ ಬಿಚ್ಚುವ ಕೆಲಸ ತಪ್ಪುತ್ತದೆ.

ಹಳೆಯ ಪೇಂಟ್ ಡಬ್ಬದಲ್ಲಿ ಒಂದು ಲೀಟರ್ ಡೀಸೆಲ್ ಹಾಕಿ ಚೈನನ್ನು ರಾತ್ರಿಯಿಡೀ ನೆನೆಸಿದೆ. ಸೀಮೆಎಣ್ಣೆ ಇದ್ದರೆ ಇನ್ನೂ ಒಳ್ಳೆಯದು, ತೆಳುವಾಗಿರುವುದರಿಂದ ಪಿನ್ನಿನ ಸಂದಿಗೆ ಬೇಗ ಇಳಿಯುತ್ತದೆ. ಪೆಟ್ರೋಲ್ ಬೇಡ. ಅದರ ಆವಿಗೆ ಕಿಡಿ ತಗುಲಿದರೆ ಕೇಳುವುದೇ ಬೇಡ. ಬೆಳಿಗ್ಗೆ ತಂತಿ ಬ್ರಷ್‌ನಲ್ಲಿ ಹೊರಗಿನ ತುಕ್ಕು ಉಜ್ಜಿದೆ. ಅರ್ಧ ಗಂಟೆಯಲ್ಲಿ ಚೈನ್ ಬೆಳ್ಳಗಾಯಿತು. ಇಲ್ಲಿಗೆ ಮುಗಿಯಿತು ಅಂತ ಅನಿಸುವುದು ಸಹಜ. ಮುಗಿದಿರುವುದಿಲ್ಲ. ಒಂದೊಂದು ಕೊಂಡಿಯನ್ನೂ ಡೀಸೆಲ್ ಒಳಗೆ ಹಿಡಿದು ಹಿಂದೆ ಮುಂದೆ ಮಡಚಿ ನೋಡಿ. ತಗಡುಗಳ ಸಂದಿಯಿಂದ ರಾಗಿ ಅಂಬಲಿಯಂಥ ಕಂದು ನೀರು ಬರುತ್ತದೆ. ಅದು ಒಳಗಿನ ತುಕ್ಕು. ಅದು ಬರುವುದು ನಿಲ್ಲುವ ತನಕ ಮಡಚುತ್ತಲೇ ಇರಬೇಕು. ಹೆಚ್ಚು ಕಡಿಮೆ ನೂರು ಕೊಂಡಿ, ಒಂದನ್ನೂ ಬಿಡುವ ಹಾಗಿಲ್ಲ. ನನಗೆ ಎರಡು ಗಂಟೆ ಹಿಡಿಯಿತು. ಏಳು ಕೊಂಡಿ ಬಿಗಿದುಕೊಂಡಿದ್ದವು. ಎರಡು ಪ್ಲೇಯರ್ ಹಿಡಿದು ನಿಧಾನಕ್ಕೆ ಆಡಿಸಿದಾಗ ಆರು ಸಡಿಲವಾದವು. ಏಳನೆಯದು ಇನ್ನೊಂದು ರಾತ್ರಿ ನೆಂದ ಮೇಲೆ ಬಿಟ್ಟುಕೊಟ್ಟಿತು. ಸುತ್ತಿಗೆಯಲ್ಲಿ ಹೊಡೆಯಬೇಡಿ, ತಗಡು ಸೊಟ್ಟಗಾದರೆ ಚೈನ್ ಕೆಲಸಕ್ಕೆ ಬರುವುದಿಲ್ಲ.

ಇದೆಲ್ಲ ನನ್ನ ಗಾಡಿಯಲ್ಲಿರುವಂಥ ಸಾದಾ ಚೈನಿಗೆ. ಈಗಿನ ದೊಡ್ಡ ಬೈಕುಗಳ ಚೈನಿನಲ್ಲಿ ತಗಡುಗಳ ನಡುವೆ ಸಣ್ಣ ಕಪ್ಪು ರಬ್ಬರ್ ರಿಂಗ್ ಇರುತ್ತದೆ. ಒಳಗಿನ ಗ್ರೀಸನ್ನು ಹಿಡಿದಿಡುವುದೇ ಆ ರಿಂಗ್. ಅಂಥದ್ದನ್ನು ರಾತ್ರಿಯಿಡೀ ನೆನೆಸಬಾರದು, ತಂತಿ ಬ್ರಷ್ ಹಾಕಬಾರದು. ಮೆತ್ತನೆಯ ಬ್ರಷ್‌ನಲ್ಲಿ ಸೀಮೆಎಣ್ಣೆ ಸವರಿ ಒರೆಸಿದರೆ ಸಾಕು. ರಿಂಗ್ ಹರಿದರೆ ಒಳಗಿನ ಗ್ರೀಸ್ ಹೋಯಿತು, ಅದನ್ನು ಮನೆಯಲ್ಲಿ ತುಂಬಲು ಆಗುವುದಿಲ್ಲ.

ಆಮೇಲೆ ಅಳತೆ. ಮಗಳ ಉದ್ದ ಸ್ಕೇಲ್ ತಂದೆ. ಸ್ಪ್ಲೆಂಡರಿಗೆ ಬರುವುದು 428 ನಂಬರ್ ಚೈನ್. ಒಂದು ಪಿನ್ನಿನ ನಡುವಿನಿಂದ ಪಕ್ಕದ ಪಿನ್ನಿನ ನಡುವಿಗೆ 12.7 ಮಿಲಿಮೀಟರ್, ಅಂದರೆ ಅರ್ಧ ಇಂಚು. ಇಪ್ಪತ್ತು ಕೊಂಡಿಗೆ ಸರಿಯಾಗಿ ಹತ್ತು ಇಂಚು, 254 ಮಿಲಿಮೀಟರ್. ಚೈನನ್ನು ಹಲಗೆಯ ಮೇಲೆ ಬಿಗಿಯಾಗಿ ಎಳೆದು ಹಿಡಿದು ಮೂರು ಕಡೆ ಅಳೆದೆ. ಎಲ್ಲ ಕಡೆ 256 ಬಂತು. 259 ದಾಟಿದ್ದರೆ, ಅಂದರೆ ನೂರಕ್ಕೆ ಎರಡು ಪಾಲು ಉದ್ದವಾಗಿದ್ದರೆ, ತೊಳೆದದ್ದಕ್ಕೆ ಅರ್ಥವಿರಲಿಲ್ಲ. ಚೈನ್ ಎಳೆದು ಉದ್ದವಾಯಿತು ಅಂತ ನಾವು ಹೇಳುತ್ತೇವೆ. ನಿಜವಾಗಿ ತಗಡು ಎಳೆದುಕೊಳ್ಳುವುದಿಲ್ಲ. ಒಂದೊಂದು ಪಿನ್ನಿನಲ್ಲಿ ಕೂದಲೆಳೆಯಷ್ಟು ಸವೆದರೂ ನೂರು ಕಡೆಯದ್ದು ಕೂಡಿ ಒಂದು ಸೆಂಟಿಮೀಟರಿನ ಹತ್ತಿರ ಬರುತ್ತದೆ. ಸ್ಪ್ರಾಕೆಟ್ ಹಲ್ಲುಗಳನ್ನೂ ನೋಡಿದೆ. ಒಂದೇ ಕಡೆಗೆ ಬಾಗಿ ಕೊಕ್ಕೆಯ ಹಾಗೆ ಆಗಿದ್ದರೆ ಚೈನ್, ಎರಡು ಸ್ಪ್ರಾಕೆಟ್ ಎಲ್ಲ ಒಟ್ಟಿಗೇ ಬದಲಾಯಿಸಬೇಕು. ನನ್ನವು ಸರಿಯಿದ್ದವು.

ತೊಳೆದ ಚೈನನ್ನು ಒಣಗಿಸುವುದೇ ಮಲೆನಾಡಿನಲ್ಲಿ ದೊಡ್ಡ ಕೆಲಸ. ಸೋಪು ನೀರಿನಲ್ಲಿ ತೊಳೆಯುವವರಿದ್ದಾರೆ. ನಮ್ಮ ಹವೆಗೆ ಅದು ಆಗಿಬರುವುದಿಲ್ಲ, ಒಣಗುವುದರೊಳಗೆ ಮತ್ತೆ ಕೆಂಪಾಗುತ್ತದೆ. ನಾನು ಇನ್ನೊಂದು ಸಲ ಹೊಸ ಡೀಸೆಲ್‌ನಲ್ಲಿ ಅದ್ದಿ, ಹಳೆ ಬನಿಯನ್ ಬಟ್ಟೆಯಲ್ಲಿ ಒರೆಸಿ, ಸೂರಿನ ಕೆಳಗೆ ಮೊಳೆಗೆ ನೇತುಹಾಕಿದೆ. ಬಚ್ಚಲೊಲೆಯ ಹತ್ತಿರ ಬೆಚ್ಚಗೆ ಇಡೋಣ ಅನಿಸಿತ್ತು. "ಎಣ್ಣೆ ಹತ್ತಿದ್ದನ್ನ ಬೆಂಕಿ ಹತ್ರ ತರ್ಬೇಡ ಮಗಾ" ಅಂತ ಅಮ್ಮ ತಡೆದರು. ಅವರು ಹೇಳಿದ್ದು ಸರಿ.

ಮಾರನೇ ದಿನ ಎಣ್ಣೆ. 90 ನಂಬರ್ ಗೇರ್ ಆಯಿಲ್ ತಂದಿದ್ದೆ. ಅದು ದಪ್ಪ, ತಣ್ಣಗಿದ್ದಾಗ ಪಿನ್ನಿನ ಒಳಗೆ ಇಳಿಯುವುದು ಕಷ್ಟ. ಅದಕ್ಕೆ ಎಣ್ಣೆಯ ಡಬ್ಬವನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟೆ. ಬೆಂಕಿಯ ಮೇಲೆ ಇಡಲಿಲ್ಲ. ಎಣ್ಣೆ ಬಿಸಿಯಾಗಿ ತೆಳುವಾದಾಗ ಚೈನನ್ನು ಸುರುಳಿ ಮಾಡಿ ಅದರಲ್ಲಿ ಮುಳುಗಿಸಿದೆ. ಸಣ್ಣ ಸಣ್ಣ ಗುಳ್ಳೆ ಎದ್ದವು. ಒಳಗಿನ ಗಾಳಿ ಹೊರಗೆ ಬಂದು ಎಣ್ಣೆ ಒಳಗೆ ಹೋಗುತ್ತಿದೆ ಎಂದು ಅದನ್ನು ನೋಡಿಯೇ ತಿಳಿಯುತ್ತದೆ. ಗುಳ್ಳೆ ನಿಂತ ಮೇಲೆ, ನೀರು ತಣ್ಣಗಾಗುವ ತನಕ ಬಿಟ್ಟೆ. ಆಮೇಲೆ ತೆಗೆದು ಸೋರಲು ಬಿಟ್ಟು, ಹೊರಗಿನದ್ದನ್ನು ಪೂರ್ತಿ ಒರೆಸಿದೆ. ಎಣ್ಣೆ ಬೇಕಾದದ್ದು ಒಳಗೆ. ಹೊರಗೆ ಜಾಸ್ತಿ ಇದ್ದಷ್ಟೂ ಮಣ್ಣು ಹಿಡಿಯುತ್ತದೆ. ಗ್ರೀಸ್ ಮೆತ್ತುವುದನ್ನು ನಾನು ಒಪ್ಪದಿರುವುದು ಇದಕ್ಕೇ. ಸುಟ್ಟ ಎಂಜಿನ್ ಆಯಿಲ್ ಅಂತೂ ಬೇಡವೇ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ.

ವಾಪಸ್ ಜೋಡಿಸುವಾಗ ನಾನು ತುಂಬಾ ಹುಷಾರಾಗಿರುವುದು ಲಾಕಿನ ಕ್ಲಿಪ್ ವಿಷಯದಲ್ಲಿ. ಮೂರು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಕ್ಲಿಪ್ಪನ್ನು ಉಲ್ಟಾ ಹಾಕಿ ಕೊಟ್ಟಿದ್ದರು. ಮೂಡಿಗೆರೆ ಹತ್ತಿರದ ಹ್ಯಾಂಡ್‌ಪೋಸ್ಟ್ ದಾಟುವಾಗ ಲಾಕ್ ಕಳಚಿ ಚೈನ್ ಬಿತ್ತು. ಗಾಡಿ ನಿಧಾನಕ್ಕಿತ್ತು, ಏನೂ ಆಗಲಿಲ್ಲ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಚೈನ್ ಚಕ್ರಕ್ಕೆ ಸಿಕ್ಕಿಕೊಂಡಿದ್ದರೆ? ಆ ಯೋಚನೆ ಇವತ್ತಿಗೂ ಬರುತ್ತದೆ. ನೆನಪಿಡಬೇಕಾದದ್ದು ಇಷ್ಟೇ: ಗಾಡಿ ಮುಂದೆ ಹೋಗುವಾಗ ಮೇಲಿನ ಚೈನ್ ಎಂಜಿನ್ ಕಡೆಗೆ ಓಡುತ್ತದೆ. ಕ್ಲಿಪ್ಪಿನ ಮುಚ್ಚಿದ ತುದಿ, ಮೀನಿನ ತಲೆ ಅಂದುಕೊಳ್ಳಿ, ಓಡುವ ದಿಕ್ಕಿಗೆ ಇರಬೇಕು. ಸೀಳಿದ ಬಾಲ ಹಿಂದಕ್ಕೆ. ತಲೆಗೆ ಏನಾದರೂ ತಗುಲಿದರೆ ಕ್ಲಿಪ್ ಇನ್ನೂ ಒಳಗೆ ಕೂರುತ್ತದೆ. ಬಾಲ ಮುಂದಿದ್ದರೆ ಅದೇ ಏಟಿಗೆ ಕಳಚುತ್ತದೆ. ಹಳೆಯ ಕ್ಲಿಪ್ ಮತ್ತೆ ಹಾಕಬೇಡಿ. ಹೊಸ ಲಾಕ್ ಕಡಿಮೆ ದುಡ್ಡಿಗೆ ಸಿಗುತ್ತದೆ.

ಬಿಗಿ ಮಾಡುವಾಗ ಕೆಳಗಿನ ಚೈನಿನ ನಡುಭಾಗ ಮೇಲೆ ಕೆಳಗೆ ಒಟ್ಟು ಒಂದು ಇಂಚಿನ ಆಸುಪಾಸು ಆಡುವಂತೆ ಇಟ್ಟೆ. ಚಕ್ರ ತಿರುಗಿಸಿ ನಾಲ್ಕು ಕಡೆ ನೋಡಿದೆ, ಯಾಕೆಂದರೆ ಹಳೆಯ ಚೈನ್ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ತುಂಬಾ ಬಿಗಿ ಬರುವ ಜಾಗ ಹಿಡಿದೇ ಅಳೆಯಬೇಕು. ಎರಡೂ ಬದಿಯ ಅಡ್ಜಸ್ಟರ್ ಗೆರೆ ಸಮ ಮಾಡಿ ಆಕ್ಸಲ್ ನಟ್ ಬಿಗಿದೆ.

ಉಳಿದ ಕೊಳೆ ಡೀಸೆಲನ್ನು ಚರಂಡಿಗೆ ಚೆಲ್ಲಲಿಲ್ಲ. ನಮ್ಮ ಹಳ್ಳದ ನೀರು ಹೋಗಿ ಸೇರುವುದು ಹೇಮಾವತಿಗೆ. ಎರಡು ದಿನ ಬಿಟ್ಟರೆ ಗಸಿ ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನು ಬಾಟಲಿಗೆ ಬಸಿದು ಮುಂದಿನ ಸಲಕ್ಕೆ ಇಟ್ಟಿದ್ದೇನೆ.

ಈಗ ಮಳೆಗಾಲದಲ್ಲಿ ಪ್ರತಿ ಭಾನುವಾರ ಸಂಜೆ ಕಿಂಡಿಯಿಂದ ಎಣ್ಣೆ ಬಿಡುತ್ತೇನೆ. ಪೇಟೆಗೆ ಹೋಗಿ ಬಂದ ತಕ್ಷಣ, ಚೈನ್ ಬೆಚ್ಚಗಿರುವಾಗಲೇ. ರಾತ್ರಿಯಿಡೀ ಒಳಗೆ ಇಳಿಯಲು ಹೊತ್ತು ಸಿಗುತ್ತದೆ. ಹೊಸ ರಬ್ಬರ್ ಮುಚ್ಚಳ ಹಾಕಿದ್ದೇನೆ. ಮೈಲುತುತ್ತದ ಕ್ಯಾನ್ ಈಗ ಪಕ್ಕದ ಮನೆಯ ಜೀಪಿನಲ್ಲಿ ಹೋಗುತ್ತದೆ. ಈ ಜೂನ್‌ನಲ್ಲಿ ಮತ್ತೆ ಸ್ಕೇಲ್ ಇಟ್ಟು ನೋಡಿದೆ, 257 ಇದೆ. ಗಾಡಿ ಇಳಿಜಾರಿನಲ್ಲಿ ಮೊದಲಿನ ಹಾಗೆ ತಾನೇ ಉರುಳಿಕೊಂಡು ಗೇಟಿನ ತನಕ ಹೋಗುತ್ತಿದೆ.